ತುತ್ತಿಗೊಂದು ಚೂರು

ಬಾಯಿಗಿಟ್ಟ ತುತ್ತನ್ನು ಧನುಶ್ರೀ ಮೂರನೆಯ ಸಲವೂ ತಟ್ಟೆಗೇ ಉಗುಳಿದಳು. ಮಸೊಪ್ಪಿನ ಹಸಿರು ರಸ ಗಲ್ಲದಿಂದಿಳಿದು ಸ್ಕೂಲಿನ ಅಂಗಿಯ ಕಾಲರಿಗೆ ಹತ್ತಿತು. ವನಜಾ ಬೈಯಲಿಲ್ಲ, ಹೊಡೆಯಲೂ ಇಲ್ಲ. ಸೆರಗಿನ ತುದಿಯಿಂದ ಮಗಳ ಮುಖ ಒರೆಸಿ, ತಟ್ಟೆಯನ್ನು ಜಗುಲಿಯ ಮೇಲೆ ಅತ್ತೆಯ ಮುಂದಿಟ್ಟು, "ನೀವೇ ಒಂದ್ಸಲ ನೋಡಿ ಅತ್ತೆ, ನನ್ನ ಕೈಲಾಗಲ್ಲ" ಎಂದು ಕುಡುಗೋಲು ಎತ್ತಿಕೊಂಡು ಹುಲ್ಲು ಕೊಯ್ಯಲು ತೋಟದ ಕಡೆ ಹೊರಟಳು.

ಹಿಂದಿನ ವಾರ ಸ್ಕೂಲಿಗೆ ಡಾಕ್ಟರಮ್ಮ ಒಬ್ಬರು ಬಂದು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದ್ದರು. ಧನುವಿನ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಕಮ್ಮಿ ಅಂದಿದ್ದರು. ಬಾಯಿ ತೆರೆಸಿ ನೋಡಿದ ಮೇಲಂತೂ ಮಲ್ಲಿಕಾರ್ಜುನಯ್ಯ ಮೇಷ್ಟ್ರಿಗೆ ಹೇಳಿ ವನಜಾಳನ್ನು ಮನೆಯಿಂದಲೇ ಕರೆಸಿಕೊಂಡಿದ್ದರು. ಆರು ವರ್ಷದ ಹುಡುಗಿಯ ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲು ಕಪ್ಪಗೆ, ಇದ್ದಿಲಿನ ಮೊನೆಯ ಹಾಗೆ ಸವೆದಿದ್ದವು. ಸಕ್ಕರೆ ಬಿಡಿಸಿ, ಸೊಪ್ಪು ತರಕಾರಿ ಹಣ್ಣು ತಿನ್ನಿಸಿ, ಮೂರು ತಿಂಗಳಿಗೆ ಮತ್ತೆ ಬರ್ತೀನಿ ಎಂದು ಹೇಳಿ ಹೋಗಿದ್ದರು. ಅದಕ್ಕೆ ಮೊದಲು ಧನುವಿನ ಊಟವೆಂದರೆ ಟೀಗೆ ಅದ್ದಿದ ಬನ್ನು, ಇಲ್ಲವೆಂದರೆ ಸಕ್ಕರೆ ಉದುರಿಸಿದ ಅನ್ನ. ಸೊಪ್ಪು ಕಂಡರೆ ಬಾಯಿ ಬೀಗ ಹಾಕಿದಂತೆ ಮುಚ್ಚಿಕೊಳ್ಳುತ್ತಿತ್ತು.

ಕರಿಯಕ್ಕ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. ಎರಡು ವರ್ಷದ ಕೆಳಗೆ ಅಟ್ಟದಿಂದ ಕಾಯಿ ಇಳಿಸುವಾಗ ಏಣಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳ ಲೋಕವೆಲ್ಲ ಈ ಜಗುಲಿಯೇ. ಮಗ ರಂಗನಾಥ ಕುರಿ ಹೊಡೆದುಕೊಂಡು ಮೇವಿರುವ ಸೀಮೆಗೆ ಹೋದನೆಂದರೆ ನಾಲ್ಕೈದು ತಿಂಗಳು ಹಟ್ಟಿಯ ಕಡೆ ಮುಖ ಹಾಕುತ್ತಿರಲಿಲ್ಲ. ಸೊಸೆಗೆ ಮೂವತ್ತು ತೆಂಗಿನ ಮರ, ಒಂದು ಹಸು, ತುಂಡು ಹೊಲದ ರಾಗಿ. ಕೂತು ಮಾತಾಡುವ ಪುರುಸೊತ್ತು ಎಲ್ಲಿಯದು. ಬೆಳಗಿಂದ ಬೀದಿಯ ನಾಯಿ, ಕೋಳಿ ನೋಡಿಕೊಂಡು ಕೂತ ಮುದುಕಿಗೆ ಸ್ಕೂಲು ಬಿಟ್ಟ ಮೇಲಿನ ಒಂದು ಗಳಿಗೆಯೇ ದಿನ. ಬ್ಯಾಗು ಎಸೆದು ಧನು ನೇರ ಜಗುಲಿಗೆ ಹಾರಿ ಅವಳ ತೊಡೆಗೆ ಒರಗುತ್ತಿದ್ದಳು. ಮೇಷ್ಟ್ರ ಕೋಲು, ಪಕ್ಕದಲ್ಲಿ ಕೂರುವ ಹುಡುಗಿಯ ಹೇನು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ಕೈ ಅಜ್ಜಿಯ ತಲೆದಿಂಬಿನ ಹಿಂದಿನ ಡಬ್ಬಿಗೆ ಹೋಗುತ್ತಿತ್ತು.

ಅದರಲ್ಲಿರುತ್ತಿದ್ದುದು ಕೊಬ್ಬರಿ, ಬೆಲ್ಲ. ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿಯ ಗಿಟುಕು ಗಡಗಡ ಉರುಳಿದರೆ ಒಡೆಯುತ್ತಾರೆ. ಉಂಡೆಯಾಗಿ ಬಂದದ್ದು ತಿಪಟೂರಿನ ಮಾರ್ಕೆಟ್ಟಿಗೆ. ಏಟಿಗೆ ಸೀಳಿದ್ದು ಮನೆಯ ಮಕ್ಕಳಿಗೆ. ಆ ಒಡಕು ಚೂರುಗಳನ್ನು ಕರಿಯಕ್ಕ ಮೊಮ್ಮಗಳಿಗೆಂದೇ ತೆಗೆದಿಡುತ್ತಿದ್ದಳು. ಒಂದು ಚೂರು ಕೊಬ್ಬರಿ, ಅದರ ಮೇಲೆ ಹೆಬ್ಬೆರಳ ಗಾತ್ರದ ಬೆಲ್ಲ.

ಡಾಕ್ಟರಮ್ಮನ ಮಾತನ್ನು ಅವಳು ಅಲ್ಲಗಳೆದವಳಲ್ಲ. ಗೂಡಿನಲ್ಲಿದ್ದ ಸಕ್ಕರೆ ಡಬ್ಬಿಯನ್ನು ತಾನೇ ಹೇಳಿ ಬೇರೆಯವರ ಮನೆಗೆ ಕೊಡಿಸಿದ್ದಳು. ಬೀದಿ ಕೊನೆಯಲ್ಲಿ ಅಂಗಡಿ ಇಟ್ಟಿದ್ದ ಚಿಕ್ಕಗಂಗಮ್ಮನನ್ನು ಕೂಗಿ ಕರೆದು, ನನ್ನ ಮೊಮ್ಮಗಳಿಗೆ ಪೆಪ್ಪರಮೆಂಟು ಕೊಟ್ಟೀಯ ಜೋಕೆ ಎಂದು ಎಚ್ಚರಿಸಿದ್ದಳು. ಆದರೆ ಬೆಲ್ಲ? ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವಂಥದ್ದು, ಬಾಣಂತಿಗೆ ತಿನ್ನಿಸುವಂಥದ್ದು, ದೇವರ ಮುಂದೆ ಇಡುವಂಥದ್ದು ಹೇಗೆ ಸಕ್ಕರೆಯಾದೀತು. ಸಕ್ಕರೆ ಅಂಗಡಿಯದು, ಬೆಲ್ಲ ಆಲೆಮನೆಯದು. ಇಷ್ಟು ಗಟ್ಟಿಯಾಗಿ ನಂಬಿದ್ದರೂ, ಸೊಸೆ ತೋಟದ ದಾರಿ ತಿರುಗಿ ಮರೆಯಾಗುವ ತನಕ ಅವತ್ತು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಒಂದು ತುತ್ತು ಸೊಪ್ಪು ನುಂಗು, ಒಂದು ಚೂರು ಕೊಡ್ತೀನಿ" ಎಂದಳು ಮೆಲ್ಲಗೆ. "ನಿಮ್ಮವ್ವಂಗೆ ಹೇಳಂಗಿಲ್ಲ."

ಧನು ಡಬ್ಬಿಯನ್ನೂ ತಟ್ಟೆಯನ್ನೂ ನೋಡಿದಳು. ಕಣ್ಣು ಮುಚ್ಚಿಕೊಂಡು ನುಂಗಿದಳು. ಆಮೇಲೆ ಕೈ ಚಾಚಿದಳು.

ಹೀಗೆ ಶುರುವಾಯಿತು. ಹುಲ್ಲಿನ ಹೊರೆ ಹೊತ್ತು ಬಂದ ವನಜಾ ಖಾಲಿ ತಟ್ಟೆ ನೋಡಿ ನಂಬಲಿಲ್ಲ. ಮಾರನೆಯ ದಿನವೂ ಖಾಲಿ. ಹುರುಳಿಕಾಯಿ ಪಲ್ಯ, ನುಗ್ಗೆಸೊಪ್ಪು, ಹಾಗಲಕಾಯಿ ಕೂಡ. ಅತ್ತೆಯ ಕೈಗುಣ ದೊಡ್ಡದು ಎಂದು ನೀರು ಸೇದುವ ಕಡೆಯೆಲ್ಲ ಹೇಳಿಕೊಂಡು ಬಂದಳು. ಕರಿಯಕ್ಕನಿಗೆ ಬಹಳ ದಿನದ ಮೇಲೆ ತಾನು ಮನೆಗೆ ಬೇಕಾದವಳು ಅನ್ನಿಸಿತು. ಹಾಗಲಕಾಯಿಯ ದಿನ ಚೂರು ದೊಡ್ಡದಾಗಬೇಕಾಗುತ್ತಿತ್ತು. ಆಮೇಲೆ ಬೇರೆ ದಿನವೂ ದೊಡ್ಡದೇ ಬೇಕಾಯಿತು. ಬೆಲ್ಲ ಬೇಗ ಮುಗಿಯುತ್ತಿದೆಯಲ್ಲ ಎಂದು ಸೊಸೆ ಕೇಳಿದಾಗ ಇರುವೆ ಮುತ್ತಿತ್ತು, ಚೆಲ್ಲಿಸಿದೆ ಎಂದು ಮುದುಕಿ ಸುಳ್ಳು ಹೇಳಿದಳು. ಹೇಳಿದ ಮೇಲೆ ಆ ಸಂಜೆಯೆಲ್ಲ ಸೊಸೆಯ ಮುಖ ನೋಡಲಾಗಲಿಲ್ಲ.

ಎರಡು ತಿಂಗಳು ತುಂಬುವಷ್ಟರಲ್ಲಿ ಒಂದು ಬೆಳಗ್ಗೆ ಧನು ನರಳುತ್ತ ಎದ್ದಳು. ಮೇಲ್ತುಟಿ ಮೂಗಿಗೆ ಅಂಟುವ ಹಾಗೆ ಊದಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು, ಮೈ ಕೆಂಡ. ಮಗುವನ್ನು ಹೆಗಲಿಗೆ ಹಾಕಿಕೊಂಡು ವನಜಾ ತಿಪಟೂರಿನ ಬಸ್ಸಿಗೆ ಓಡಿದಳು. ಕರಿಯಕ್ಕ ಗೋಡೆ ಹಿಡಿದು ಏಳಲು ನೋಡಿದಳು, ಸೊಂಟ ಕೇಳಲಿಲ್ಲ. ಚಿಕ್ಕಗಂಗಮ್ಮ ತಂದಿಟ್ಟ ಅನ್ನ ಮಧ್ಯಾಹ್ನದವರೆಗೂ ಹಾಗೆಯೇ ಇದ್ದು ಕೋಳಿಯ ಪಾಲಾಯಿತು.

ಅವರು ಬಂದಾಗ ಹೊತ್ತು ಇಳಿದಿತ್ತು. ಧನು ಬಾಯಲ್ಲಿ ಹತ್ತಿ ಕಚ್ಚಿಕೊಂಡು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಒಳಗೆ ಮಲಗಿಸಿ ಬಂದು ವನಜಾ ಜಗುಲಿಯ ಅಂಚಿಗೆ ಕೂತಳು. ಆ ನಾಲ್ಕೂ ಹಲ್ಲು ಕಿತ್ತರು, ಬೇರಿನ ತನಕ ಕೀವಾಗಿತ್ತಂತೆ ಎಂದಳು. ಹಿಡಿದುಕೊಳ್ಳಲು ಇಬ್ಬರು ಬೇಕಾದರು ಎಂದಳು.

"ಸಿಹಿ ಏನು ತಿಂತಾಳೆ ಅಂತ ಕೇಳಿದ್ರು. ಏನೂ ಇಲ್ಲ, ಸಕ್ಕರೆ ಬುಟ್ಟು ಎರಡು ತಿಂಗಳಾಯ್ತು ಅಂತ ಎದೆ ತಟ್ಕೊಂಡು ಹೇಳ್ದೆ. ಅವಳೇ ಹೇಳಿದ್ಲು ಅತ್ತೆ. ಅಜ್ಜಿ ಬೆಲ್ಲ ಕೊಡ್ತದೆ, ತುತ್ತಿಗೊಂದು ಅಂತ."

ಕರಿಯಕ್ಕ ಬಾಯಿ ತೆರೆದಳು. ಬೆಲ್ಲ ಸಕ್ಕರೆಯಲ್ಲವಲ್ಲ ಎಂಬ ಮಾತು ನಾಲಿಗೆಯ ಮೇಲಿತ್ತು. ಸೊಸೆಯ ರವಿಕೆಯ ಭುಜದ ಮೇಲೆ ಒಣಗಿದ್ದ ರಕ್ತದ ಕಲೆ ಕಂಡು ಅದನ್ನು ನುಂಗಿಕೊಂಡಳು.

"ನಿಮ್ಮುನ್ನ ಬೈಯೋಕೆ ನಂಗೆ ತ್ರಾಣ ಇಲ್ಲ" ಎಂದಳು ವನಜಾ. "ನಾ ಬುಡಿಸಿದ್ರೆ ಕದ್ದು ತಿಂತಾಳೆ. ನೀವೇ ಬುಡಿಸ್ಬೇಕು. ಅವಳು ನಿಮ್ಮ ಮಾತು ಬುಟ್ರೆ ಇನ್ಯಾರ ಮಾತೂ ಕೇಳಲ್ಲ."

ಅರವತ್ತು ವರ್ಷ ಕುರಿಯ ಜೊತೆ ಬಾಳಿದವಳು ಮುದುಕಿ. ಅಂಗೈಯಲ್ಲಿ ಎಳೆ ಜಾಲಿಕಾಯಿ ಹಿಡಿದು ನಡೆದರೆ ಮರಿ ಊರಾಚೆಯವರೆಗೂ ಹಿಂದೆ ಬರುತ್ತದೆ. ಕಾಯಿ ಮುಗಿದು ಕೈ ಕೆಳಗಿಟ್ಟ ಮೇಲೆ ಒಂದೆರಡು ಸಲ ಮೂಸಿ ನೋಡಿ ಮಂದೆಗೆ ಓಡುತ್ತದೆ. ಮಗು ಕೇಳುತ್ತಿದ್ದುದು ತನ್ನ ಮಾತನ್ನೋ, ಡಬ್ಬಿಯ ಮಾತನ್ನೋ? ಆ ಲೆಕ್ಕ ಹಾಕುವುದೇ ಅವಳಿಗೆ ಬೇಡವೆನಿಸಿತು. ಡಬ್ಬಿಯನ್ನು ತಡಕಿ ತೆಗೆದು ಸೊಸೆಯ ಮಡಿಲಿಗೆ ಇಟ್ಟಳು.

ನಾಲ್ಕನೆಯ ದಿನ ಸ್ಕೂಲಿನಿಂದ ಬಂದ ಧನು ಎಂದಿನಂತೆ ಜಗುಲಿಗೆ ಹಾರಿದಳು. ಕೈ ದಿಂಬಿನ ಹಿಂದೆ ಹೋಯಿತು, ಖಾಲಿ ಬಂತು. ಕರಿಯಕ್ಕ ಬೆಳಗಿನಿಂದ ಕಾದಿಟ್ಟಿದ್ದ ಪರಂಗಿ ಹಣ್ಣಿನ ಹೋಳನ್ನು ಮುಂದೆ ಹಿಡಿದಳು. ಹಲ್ಲಿಲ್ಲದ ಬಾಯಿಗೆ ಸುಲಭವಾಗಲೆಂದು ಚಮಚದಲ್ಲಿ ಕೆರೆದು ಮೆತ್ತಗೆ ಮಾಡಿದ್ದಳು.

"ಬೆಲ್ಲ?"

"ಇನ್ನು ಇಲ್ಲ ಕಣವ್ವ. ಅಜ್ಜಿ ಯಾವತ್ತೂ ಕೊಡಲ್ಲ."

ಧನು ಅಳಲಿಲ್ಲ, ಹಟ ಮಾಡಲಿಲ್ಲ. ಹಾಗೆ ಮಾಡಿದ್ದರೆ ಸಮಾಧಾನ ಹೇಳಬಹುದಿತ್ತು. ದಿಂಬನ್ನು ಎತ್ತಿ ನೋಡಿದಳು, ಕಂಬಳಿಯ ಮಡಿಕೆ ಕೊಡವಿದಳು. ನಂಬಿಕೆಯಾದ ಮೇಲೆ ಜಗುಲಿಯಿಂದ ಇಳಿದು, "ಹಲ್ಲು ಕೀಳಿಸಿದ್ದೂ ನೀನೇ" ಎಂದು ಒಳಗೆ ಹೋದಳು. ಪರಂಗಿ ಹೋಳಿನ ಮೇಲೆ ನೊಣ ಕೂತವು.

ಅಂದಿನಿಂದ ಬ್ಯಾಗು ಜಗುಲಿಯ ಮೇಲೆ ಬೀಳುವುದು ನಿಂತಿತು. ಮೊದಮೊದಲು ಊಟವನ್ನೇ ಬಿಟ್ಟಿದ್ದ ಹುಡುಗಿ ಹಸಿವಿಗೆ ಸೋತು, ನಿಧಾನಕ್ಕೆ ತಾಯಿ ಕಲಸಿ ಕೊಟ್ಟಿದ್ದನ್ನು ನುಂಗತೊಡಗಿದಳು. ವನಜಾ ಹಿತ್ತಲಲ್ಲಿ ಮೂಲಂಗಿ ಹಾಕಿ, ನೀರು ಬಿಡುವ ಕೆಲಸವನ್ನು ಮಗಳಿಗೇ ವಹಿಸಿದ್ದಳು. ಅಡುಗೆ ಮನೆಯಿಂದ ತಾಯಿ ಮಗಳ ಮಾತು, ನಗು ಕೇಳುತ್ತಿತ್ತು. ಮೇಷ್ಟ್ರ ಕೋಲಿನ ಸುದ್ದಿಯೂ ಈಗ ಅಲ್ಲೇ. ಕರಿಯಕ್ಕ ಮಾತು ಹಿಡಿಯಲು ಕಿವಿ ಚಾಚುತ್ತಿದ್ದಳು. ಗೋಡೆ ದಾಟಿ ಬರುವಷ್ಟರಲ್ಲಿ ಅರ್ಧ ಮಾತು ಹಾದಿಯಲ್ಲೇ ಉಳಿಯುತ್ತಿತ್ತು. ಮಗು ಮೈಕೈ ತುಂಬಿಕೊಳ್ಳುತ್ತಿರುವುದು ಮಾತ್ರ ದೂರದಿಂದಲೂ ಕಾಣುತ್ತಿತ್ತು. ಡಾಕ್ಟರಮ್ಮ ಮತ್ತೆ ಬಂದಾಗ ಪರವಾಗಿಲ್ಲ ಅಂದರಂತೆ. ಅದನ್ನೂ ಅವಳಿಗೆ ಹೇಳಿದ್ದು ಚಿಕ್ಕಗಂಗಮ್ಮ.

ಹೇಳಿ ಸುಮ್ಮನಾಗದೆ ಚಿಕ್ಕಗಂಗಮ್ಮ ಅಲ್ಲೇ ಕೂತು ಎಲೆಗೆ ಸುಣ್ಣ ಸವರಿದಳು. "ಏನಕ್ಕ, ನಿನ್ನ ಮೊಮ್ಮಗಳು ಈಚೀಚೆಗೆ ಈ ಕಡೆ ತಿರುಗೂ ನೋಡಲ್ವಲ್ಲ. ಪರ ಊರಿನ ಬಸ್ಸು ಹೋದಂಗೆ ಹೋಯ್ತಾಳೆ." ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ ಒಂದು ಅಚ್ಚು ಬೆಲ್ಲ ತೆಗೆದಳು. "ಇಟ್ಕೊ. ವಾರಕ್ಕೊಂದು ಚೂರು ಕೊಟ್ರೆ ಯಾವ ಹಲ್ಲು ಉದುರ್ತದೆ? ನಾಳೆ ಸಂಜೆಗೇ ತೊಡೆ ಮೇಲಿರ್ತಾಳೆ ನೋಡು."

ಕರಿಯಕ್ಕ ಆ ಬೆಲ್ಲವನ್ನು ನೋಡಿದಳು. ಹೊಸ ಬೆಲ್ಲ, ಒಳ್ಳೆಯ ಬಣ್ಣ. ಅದರ ಘಮ ಜಗುಲಿಯ ತುಂಬ ಹರಡಿತು. ಆಗಷ್ಟೆ ಸ್ಕೂಲು ಬಿಟ್ಟಿತ್ತು. ಬೀದಿಯ ತಿರುವಿನಲ್ಲಿ ಮಕ್ಕಳ ದನಿ ಕೇಳುತ್ತಿತ್ತು.

"ಎತ್ತಿಕೊಂಡು ಹೋಗೇ" ಎಂದಳು. "ಅವಳು ಬರೋದ್ರೊಳಗೆ ಹೋಗು."

ಚಿಕ್ಕಗಂಗಮ್ಮ ಮುಖ ದಪ್ಪ ಮಾಡಿಕೊಂಡು ಎದ್ದು ಹೋದಳು. ಧನು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಯ ಬದಿಗೇ ನಡೆದು ಒಳಗೆ ಹೋದಳು.

ಮಾರನೆಯ ದಿನ ಭಾನುವಾರ. ವನಜಾ ಒಲೆಯ ಮುಂದೆ ಸಿಕ್ಕಿಕೊಂಡು, ಅಜ್ಜಿಯ ಊಟ ಕೊಟ್ಟು ಬಾ ಎಂದು ಮಗಳನ್ನು ಕಳಿಸಿದಳು. ಧನು ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಸಾರು ತುಳುಕದ ಹಾಗೆ ನೋಡಿಕೊಂಡು ಬಂದಳು. ಅಜ್ಜಿಯ ಕೈಗೆ ಕೊಡದೆ, ಮೊಳ ದೂರದಲ್ಲಿ ಇಟ್ಟಳು.

"ಉಂಡ್ಯಾ ನನ್ನವ್ವ?" ಎಂದು ಕರಿಯಕ್ಕ ಕೇಳುವಷ್ಟರಲ್ಲಿ ಹುಡುಗಿ ಹೊಸಿಲು ದಾಟಿಯಾಗಿತ್ತು.

ಮುದುಕಿ ಕುಂಡೆ ಸರಿಸಿಕೊಂಡು ಸರಿಸಿಕೊಂಡು ತಟ್ಟೆಯ ಹತ್ತಿರ ಹೋದಳು. ಮುದ್ದೆ, ಬಸ್ಸಾರು, ಅಂಚಿನಲ್ಲಿ ಸೌತೆಕಾಯಿಯ ಎರಡು ಹೋಳು. ಒಂದನ್ನು ಬರುವ ದಾರಿಯಲ್ಲಿ ಯಾರೋ ಕಚ್ಚಿ ಮತ್ತೆ ಇಟ್ಟಿದ್ದರು. ಎರಡು ಬದಿಗೂ ಪುಟ್ಟ ಹಲ್ಲಿನ ಗುರುತು. ನಡುವೆ, ಕಿತ್ತ ಹಲ್ಲಿನ ಜಾಗದಲ್ಲಿ, ಕಡಿಯಲಾಗದೆ ಉಳಿದ ತಿರುಳು, ಬೆರಳಗಲ, ಒದ್ದೆಯಾಗಿ. ಕರಿಯಕ್ಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸಾರು ಆರಿ ಮೇಲೆ ಕೆನೆಗಟ್ಟಿತು.