ಹಳದಿ ಮನೆಯ ಫೋನು

ಭಾನುವಾರ ಬಿಸಿಲು ಇಳಿಯುತ್ತಿದ್ದಂತೆ ಆ ಮನೆಯಿಂದ ಎರಡು ಸೈಕಲ್ಲುಗಳು ಹೊರಬೀಳುತ್ತಿದ್ದವು. ಮುಂದಿನದು ಗಂಡನದು. ಅದರ ಹಿಂಬದಿಯ ಪುಟ್ಟ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು, ಮಹಾರಾಣಿಯ ಠೀವಿಯಲ್ಲಿ ಕೂತವಳು ಐದು ವರ್ಷದ ಮಗಳು ಚಿಲ್ಟು. ಸೀಟಿನ ಕಂಬಿಗೆ ಅವಳದೇ ಆದ ಒಂದು ಬೆಲ್ಲಿತ್ತು. ನಾಯಿ ಕಂಡರೂ ಟ್ರಿಣ್, ನಾಯಿ ಇಲ್ಲದಿದ್ದರೂ ಟ್ರಿಣ್. ಹಿಂದಿನ ಸೈಕಲ್ಲಿನಲ್ಲಿ ಅವಳ ಅಮ್ಮ "ನಿಧಾನ ರೀ, ನಿಧಾನ" ಎನ್ನುತ್ತ ಬರುತ್ತಿದ್ದಳು.

ಊರಿಗೆ ಅವರು ಹೊಸಬರು. ಗಂಡನಿಗೆ ಇಲ್ಲಿನ ಅಚ್ಚುಮನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಕೆಲಸ ಸಿಕ್ಕಿತ್ತು, ಹೆಂಡತಿಗೆ ಪರದೆ ಹೊಲಿಯುವ ಅಂಗಡಿಯಲ್ಲಿ. ನೆಂಟರಿಷ್ಟರು ಯಾರೂ ಇಲ್ಲ. ಪಕ್ಕದ ಮನೆಯವರು ಕಂಡಾಗ ನಗುತ್ತಾರೆ, ಅಷ್ಟೇ. ಹಾಗಾಗಿ ಊರನ್ನು ಪರಿಚಯ ಮಾಡಿಕೊಳ್ಳುವ ಹೊಣೆಯನ್ನು ಅವರು ಸೈಕಲ್ಲಿಗೇ ಒಪ್ಪಿಸಿಬಿಟ್ಟಿದ್ದರು. ಯಾವ ಬೀದಿಯಲ್ಲಿ ಏರು, ಎಲ್ಲಿ ನೆರಳು, ಯಾವ ಗೇಟಿನ ನಾಯಿ ಬರೀ ಬೊಗಳುತ್ತದೆ, ಯಾವುದು ನಿಜವಾಗಿಯೂ ಅಟ್ಟಿಸಿಕೊಂಡು ಬರುತ್ತದೆ ಎಂಬುದೆಲ್ಲ ಬೇಗನೆ ಗೊತ್ತಾಯಿತು. ಗೊತ್ತಾಗದೆ ಉಳಿದದ್ದು ಹಳದಿ ಮನೆಯೊಂದೇ.

ಶಾಲೆಯ ಕಡೆಯ ರಸ್ತೆ ತಿರುವಿನಲ್ಲಿ ಹೊರಳಿ ನೆಟ್ಟಗಾಗುವಲ್ಲಿ ಅದು ಇತ್ತು. ಬಣ್ಣ ಮಾಸಿದ ಗೋಡೆ, ಬೀದಿಗೆ ಮುಖ ಮಾಡಿದ ಒಂದೇ ಕಿಟಕಿ. ಮೊದಲ ಭಾನುವಾರ ಅಲ್ಲಿಗೆ ಬರುವಾಗ ಮುಂದೆ ಹೋಗುತ್ತಿದ್ದ ಸೈಕಲ್ಲುಗಳೆಲ್ಲ ನಿಂತವು. ಟ್ಯೂಷನ್ ಮುಗಿಸಿದ ಹುಡುಗಿಯರು, ಹಾಲಿನ ಕ್ಯಾನು ಕಟ್ಟಿಕೊಂಡವನು, ಒಬ್ಬ ಮುದುಕ, ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ಮನೆಯನ್ನು ದಾಟಿದರು. ದೀಪದ ಕಂಬ ಕಳೆದ ಮೇಲೆ ಮತ್ತೆ ಹತ್ತಿದರು.

"ಇಳಿದು ನಡೀರಪ್ಪ, ಇಲ್ಲಿ ಎಲ್ಲರೂ ಇಳೀತಾರೆ" ಎಂದ ಮುದುಕ.

"ಯಾಕೆ ತಾತ, ರಸ್ತೆ ಕೆಟ್ಟಿದೆಯಾ?"

ಮುದುಕ ರಸ್ತೆಯನ್ನು ನೋಡಿದ. ಅದು ಅಂಗೈಯಷ್ಟು ನುಣುಪಾಗಿತ್ತು. "ಇಳೀತಾರೆ, ಅಷ್ಟೇ" ಎಂದು ಹೇಳಿ ಮುಂದೆ ಹೋದ.

ಅವರೂ ಇಳಿದರು. ಆಗಲೇ ಮನೆಯೊಳಗೆ ಫೋನು ಬಡಿದುಕೊಳ್ಳತೊಡಗಿತು. ಹಳೇ ಮೊಬೈಲುಗಳಲ್ಲಿ ಇರುತ್ತಿತ್ತಲ್ಲ, ಆ ಕರ್ಕಶ ರಾಗ. ಬಡಿಯಿತು, ಬಡಿಯಿತು, ತೆಗೆಯುವವರಿಲ್ಲದೆ ನಿಂತುಹೋಯಿತು. ಒಂದು ಗಳಿಗೆಯ ಮೌನ, ಮತ್ತೆ ಶುರು. ಕಿಟಕಿಯಾಚೆ ಯಾರೋ ಕೂತಿರುವುದು ನೆರಳಾಗಿ ಕಾಣುತ್ತಿತ್ತು.

"ಅವರು ಯಾಕಮ್ಮಾ ಫೋನ್ ತೆಗೆಯಲ್ಲ?" ಎಂದು ಚಿಲ್ಟು ಪಿಸುಗುಟ್ಟಿದಳು. ಬೆಲ್ಲಿನ ಮೇಲಿದ್ದ ಅವಳ ಕೈ ತಾನಾಗಿ ಕೆಳಗಿಳಿದಿತ್ತು.

ಅಮ್ಮ ಸೈಕಲ್ಲನ್ನು ಬೇಗ ಬೇಗ ತಳ್ಳಿದಳು. ಆಮೇಲೆ ದೀಪ ಹಚ್ಚುವ ಹೊತ್ತಿಗೆ ಆ ದಾರಿಯಲ್ಲಿ ಬಂದಾಗಲೆಲ್ಲ ಅದೇ ಸದ್ದು. ಮನೆಗೆ ಬಂದು ಪಾತ್ರೆ ತೊಳೆಯುವಾಗ ನೀರಿನ ಸದ್ದಿನಲ್ಲೂ ಅವಳಿಗೆ ಅದೇ ಕೇಳಿಸುತ್ತಿತ್ತು. ಯಾರೋ ಎಲ್ಲಿಂದಲೋ ಕರೆಯುತ್ತಿದ್ದಾರೆ, ಇಲ್ಲಿ ಒಬ್ಬರು ಕೇಳಿಸಿಕೊಂಡೂ ಕೂತಿದ್ದಾರೆ. ಅದನ್ನು ಸಹಿಸುವುದು ಅವಳಿಂದ ಆಗದ ಕೆಲಸ.

ಏಕೆಂದರೆ ತೆಗೆಯದ ಫೋನೆಂದರೆ ಅವಳಿಗೆ ಜೀವ ಹೋದಂತೆ. ಗಂಡ ಅವಳಿಗೆ ಇಟ್ಟಿದ್ದ ಹೆಸರು ಕಂಟ್ರೋಲ್ ರೂಮ್. ವಾರದ ದಿನಗಳಲ್ಲಿ ಅಚ್ಚುಮನೆ ಮುಗಿಸಿ, ಶಾಲೆಯಲ್ಲೇ ಸಂಜೆಯವರೆಗೆ ಇರುತ್ತಿದ್ದ ಮಗಳನ್ನು ಕರೆತರುವವನು ಅವನೇ. ಅವನು ಹೊರಟಿರಬಹುದು ಎನಿಸಿದ ಕೂಡಲೇ ಇತ್ತ ಪರದೆಯ ಅಂಚು ಮಡಿಸುತ್ತ ಕೂತವಳ ಕೈ ಫೋನಿಗೆ ಹೋಗುತ್ತಿತ್ತು. "ಎಲ್ಲಿದೀರಿ?" "ಈಗ ಹೊರಟೆ." ಇನ್ನೊಂದು ಅಂಚು ಮಡಿಸುವಷ್ಟರಲ್ಲಿ, "ಎಲ್ಲಿಗೆ ಬಂದ್ರಿ?" ಅವನು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್ ಹಿಡಿದು ವರದಿ ಒಪ್ಪಿಸಬೇಕಿತ್ತು.

"ಸೈಕಲ್ ಮೇಲಿದ್ದಾಗ ಮಾಡ್ಬೇಡ ಕಣೇ. ಮಗು ಬೇರೆ ಹಿಂದೆ ಇರುತ್ತೆ" ಎಂದಿದ್ದ ಒಮ್ಮೆ.

"ಹಾಗಾದ್ರೆ ತೆಗೀಬೇಡಿ."

"ತೆಗೀದಿದ್ರೆ ನೀನು ಬಿಡ್ತೀಯಾ? ಮೊನ್ನೆ ತೆಗೀಲಿಲ್ಲ ಅಂತ ಅಚ್ಚುಮನೆಗೆ ಮಾಡಿದೆ, ಶಾಲೆಗೆ ಮಾಡಿದೆ. ಇನ್ನೊಂಚೂರು ತಡ ಆಗಿದ್ರೆ ಫೈರ್ ಇಂಜಿನ್ ಬರ್ತಿತ್ತು."

"ನಗ್ರಿ, ನಗ್ರಿ. ಈ ಊರಲ್ಲಿ ನಿಮಗೆ ಏನಾದ್ರೂ ಆದ್ರೆ ನನಗೆ ಬಂದು ಹೇಳೋರು ಯಾರಿದಾರೆ? ನಮ್ಮನ್ನ ಯಾರು ಬಲ್ಲರು ಇಲ್ಲಿ? ನಿಮ್ಮ ದನಿ ಕೇಳೋವರೆಗೂ ನನ್ನ ಜೀವದಲ್ಲಿ ಜೀವ ಇರಲ್ಲ."

ಅದೂ ಸುಳ್ಳಲ್ಲ.

ಕೊನೆಗೆ ಅವಳೇ ಒಂದು ಉಪಾಯ ಹುಡುಕಿದಳು. ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸುವ ಸ್ಟ್ಯಾಂಡ್ ಹಾಕಿಸಿಬಿಟ್ಟರೆ ಕೈ ಬಿಡುವ ಗೋಜೇ ಇಲ್ಲ. ಸೈಕಲ್ ರಿಪೇರಿ ಅಂಗಡಿಗೆ ಮೂವರೂ ಹೋದರು. ಅಂಗಡಿಯವರು ಒಂದು ಕಾಲು ಎಳೆದು ನಡೆಯುವ ಮನುಷ್ಯ, ಮಿತಭಾಷಿ. ಚಿಲ್ಟುವಿನ ಸೀಟು, ಬೆಲ್ಲು ಎಲ್ಲ ಅವರೇ ಕೂರಿಸಿದ್ದು. ಸೀಟಿನ ನಟ್ಟನ್ನು ಎಷ್ಟು ಬಿಗಿ ಮಾಡಿದರೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ, ತಿರುಗಿ ಬಂದು ಇನ್ನೊಮ್ಮೆ ಅಲುಗಾಡಿಸಿ ನೋಡುತ್ತಿದ್ದರು. ಆದರೆ ರಿಪೇರಿಯಾದ ಸೈಕಲ್ಲನ್ನು ತಾವು ಮಾತ್ರ ಹತ್ತುತ್ತಿರಲಿಲ್ಲ. ಒಂದು ಸುತ್ತು ಹೊಡೆದು ನೋಡುವ ಕೆಲಸ ಗಿರಾಕಿಯದೇ.

"ಫೋನಿಂದು ಹಾಕಿಕೊಡಲ್ಲಮ್ಮ" ಎಂದರು ಅವರು.

"ಸ್ಟಾಕ್ ಇಲ್ವಾ? ಬೇರೆ ಕಡೆಯಿಂದ ತಂದುಕೊಟ್ರೆ?"

"ತಂದುಕೊಟ್ರೂ ಹಾಕಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಗ್ಗಿ ಚಿಲ್ಟುವಿನ ಬೆಲ್ಟನ್ನು ಒಮ್ಮೆ ಎಳೆದು ನೋಡಿ ಒಳಗೆ ಹೋದರು.

"ಎಂಥಾ ತಲೆತಿರುಕ!" ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು.

ಅದಾದ ವಾರದಲ್ಲೇ ಆ ಸಂಜೆ ಬಂತು. ದೊಡ್ಡ ಹೋಟೆಲೊಂದರ ಪರದೆಗಳು ಮುಗಿದಿದ್ದವು, ಅಂಗಡಿಯಿಂದ ಬೇಗ ಬಿಟ್ಟರು. ಮನೆಗೆ ಬಂದರೆ ಬೀಗ. ಇಷ್ಟು ಹೊತ್ತಿಗೆ ಅಪ್ಪ ಮಗಳು ಬಂದಿರಬೇಕಿತ್ತು. ಫೋನ್ ಮಾಡಿದಳು. ತೆಗೆಯಲಿಲ್ಲ. ಮತ್ತೆ ಮಾಡಿದಳು. ಶಾಲೆಗೆ ಮಾಡಿದರೆ, ಆಗಲೇ ಹೋದರಲ್ಲ ಎಂದರು. ಸೈಕಲ್ ತಿರುಗಿಸಿ ಶಾಲೆಯ ದಾರಿ ಹಿಡಿದಳು. ತುಳಿಯುತ್ತಲೇ ಮಾಡಿದಳು, ನಿಂತು ಮಾಡಿದಳು. ಪ್ರತಿ ಸಲವೂ ಅದೇ ಟ್ರೂ ಟ್ರೂ.

ಹಳದಿ ಮನೆಯ ಮುಂದೆ ಕಾಲು ತಾನಾಗಿ ನೆಲಕ್ಕಿಳಿಯಿತು. ಕಿವಿಯಲ್ಲಿ ತನ್ನ ಫೋನಿನ ಟ್ರೂ ಟ್ರೂ. ಮನೆಯೊಳಗಿಂದ ಆ ಕರ್ಕಶ ರಾಗ. ಎರಡೂ ಒಂದರೊಳಗೊಂದು ಬೆರೆತು, ತಾನು ಕರೆಯುತ್ತಿರುವ ಫೋನೇ ಆ ಮನೆಯೊಳಗೆ ಬಡಿದುಕೊಳ್ಳುತ್ತಿದೆ ಎನಿಸಿತು. ಅವಳಿಗೆ ಮೈಮೇಲಿನ ಪರಿವೆ ಹೋಯಿತು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅರೆತೆರೆದ ಬಾಗಿಲನ್ನು ದೂಡಿದಳು.

"ಯಾರಾದ್ರೂ ಆ ಫೋನ್ ತೆಗೀಬಾರದಾ!"

ಒಳಗೆ ಐವತ್ತು ದಾಟಿದ ಹೆಂಗಸೊಬ್ಬಳು ಕಿಟಕಿಯ ಪಕ್ಕ ಕೂತಿದ್ದಳು. ಮೇಜಿನ ಮೇಲೆ ಗುಂಡಿಗಳ ಹಳೇ ಮೊಬೈಲೊಂದು ಚಾರ್ಜರಿಗೆ ಕಟ್ಟಿಕೊಂಡು, ಬೆಳಗುತ್ತ, ನಡುಗುತ್ತ ಹೊಡೆದುಕೊಳ್ಳುತ್ತಿತ್ತು. ಆ ಹೆಂಗಸಿನ ಕಿವಿಯಲ್ಲಿ ಮನೆಯ ಟೆಲಿಫೋನಿನ ರಿಸೀವರಿತ್ತು. ಕರೆಯುತ್ತಿದ್ದವಳೂ ಆಕೆಯೇ, ಕೇಳಿಸಿಕೊಳ್ಳುತ್ತಿದ್ದವಳೂ ಆಕೆಯೇ.

"ಶ್..." ಎಂದಳು ಆಕೆ, ಮಲಗಿದ ಮಗು ಏಳಬಾರದು ಎನ್ನುವ ಹಾಗೆ. "ಇನ್ನೊಂಚೂರು. ತಾನಾಗೇ ನಿಲ್ಲುತ್ತೆ."

ನಿಂತಿತು. ಆಕೆ ರಿಸೀವರ್ ಇಟ್ಟಳು.

"ನೋಡಿದ್ಯಾ? ಯಾರೂ ತೆಗೀಲಿಲ್ಲ. ಏನೂ ಆಗಲಿಲ್ಲ."

ಚಿಲ್ಟುವಿನ ಅಮ್ಮ ಓಡಿಹೋಗಲೆಂದು ಬಾಗಿಲಿಗೆ ತಿರುಗಿದಳು. ಗೋಡೆಯ ಮೇಲೊಂದು ಫೋಟೋ ಇತ್ತು. ಸೈಕಲ್ ಹಿಡಿದು ನಿಂತ ಒಬ್ಬ ಗಂಡಸು, ಕ್ಯಾರಿಯರ್ ಮೇಲೆ ಹಲ್ಲುಬಿದ್ದ ಬಾಯಿ ತೆರೆದು ನಗುತ್ತಿರುವ ಹುಡುಗ. ಗಂಡಸಿನ ಮುಖ ಪರಿಚಿತವಾಗಿತ್ತು. ರಿಪೇರಿ ಅಂಗಡಿಯವರು. ಆಗ ಎರಡೂ ಕಾಲು ನೆಟ್ಟಗಿದ್ದವು.

"ನನ್ನ ಮಗ" ಎಂದಳು ಆಕೆ. "ಶಾಲೆಯಿಂದ ಅಪ್ಪನ ಜೊತೆ ಬರ್ತಿದ್ದ. ನಾನು ಇದೇ ಕಿಟಕೀಲಿ ನಿಂತಿದ್ದೆ. ತಿರುವಿನಲ್ಲಿ ಇಬ್ಬರೂ ಕಾಣ್ತಿದ್ರು ತಾಯಿ, ಕಣ್ಣಿಗೆ ಕಾಣ್ತಿದ್ರು. ಆದ್ರೂ ಮಾಡಿದೆ. ಬಟ್ಟೆ ಸೋಪು ಮುಗಿದಿತ್ತು, ಹಾಗೇ ಅಂಗಡಿಗೆ ಹೋಗಿ ಬನ್ನಿ ಅನ್ನೋಣ ಅಂತ. ಮೊದಲು ತೆಗೀಲಿಲ್ಲ ಅವರು. ನಾನು ಬಿಡಲಿಲ್ಲ. ಮತ್ತೆ ಮಾಡಿದೆ. ಜೇಬಿಗೆ ಕೈ ಹಾಕಿದ್ರು. ಇದೇ ಫೋನಲ್ಲಿ ಹಲೋ ಅಂದ್ರು. ಹಿಂದೆ ವ್ಯಾನ್ ಇತ್ತು."

ಹೊರಗೆ ಯಾರೋ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಹೋದ ಸದ್ದಾಯಿತು.

"ಬೀದಿಯವರು ಓಡಿಬಂದು ಅವನನ್ನ ಎತ್ತಿದ್ರು. ಆವತ್ತಿಂದ ಯಾರಿಗೂ ಇಲ್ಲಿ ಸೈಕಲ್ ಮೇಲೆ ಕೂರೋಕೆ ಮನಸ್ಸು ಬರಲಿಲ್ಲ. ಈಗಿನ ಮಕ್ಕಳಿಗೆ ಯಾಕೆ ಅಂತಾನೂ ಗೊತ್ತಿಲ್ಲ, ಇಳೀತಾರೆ. ಊರೆಲ್ಲ ವ್ಯಾನಿನವನನ್ನ ಬೈತು, ಇವರನ್ನ ಬೈತು. ಫೋನ್ ಮಾಡಿದವಳನ್ನ ಒಬ್ಬರೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು ನನಗೆ."

"ಅಂಗಡಿಯವರಿಗೆ ಗೊತ್ತಾ, ನೀವು ದಿನಾ ಹೀಗೆ..."

"ಗೊತ್ತು. ಬೆಳಿಗ್ಗೆ ಅದನ್ನ ಚಾರ್ಜಿಗೆ ಹಾಕಿ ಹೋಗೋದು ಅವರೇ."

ಇಷ್ಟೆಲ್ಲ ಕೇಳಿದ ಮೇಲೆ ಯಾರೇ ಆದರೂ ಫೋನನ್ನು ಬಿಸಾಡಬೇಕು. ಆದರೆ ಅಭ್ಯಾಸ ಎನ್ನುವುದು ಎಂಥ ಹಾಳು ಪಿಶಾಚಿ ನೋಡಿ: ಅಪ್ಪ ಮಗಳು ಇನ್ನೂ ಬಂದಿಲ್ಲ ಎಂಬುದು ನೆನಪಾದ ಕೂಡಲೇ ಚಿಲ್ಟುವಿನ ಅಮ್ಮನ ಹೆಬ್ಬೆರಳು ಅವಳನ್ನು ಕೇಳದೆಯೇ ಮತ್ತೆ ಅದೇ ನಂಬರನ್ನು ಒತ್ತಿತು.

ಟ್ರೂ ಟ್ರೂ. ಕಿಟಕಿಯಾಚೆ, ತಿರುವಿನಲ್ಲಿ, ಗಂಡನ ಸೈಕಲ್ ಕಂಡಿತು. ಹಿಂದಿನ ಸೀಟಿನಲ್ಲಿ ಚಿಲ್ಟುವಿನ ಕೆಂಪು ಟೋಪಿ. ಅವನು ಎಡಗೈಯನ್ನು ಹ್ಯಾಂಡಲ್ಲಿನಿಂದ ಬಿಟ್ಟ. ಜೇಬಿಗೆ ಹಾಕಿದ. ಸೈಕಲ್ ರಸ್ತೆಯ ನಡುವಿಗೆ ವಾಲಿತು. ಅವನ ಹಿಂದೆ ತಿರುವಿನಲ್ಲಿ ಒಂದು ವ್ಯಾನು ಹೊರಳುತ್ತಿತ್ತು.

"ಹಲೋ, ಬಂದೆ ಕಣೇ."

ಆ ದನಿ ಅವಳಿಗೆ ಕಿವಿಯಲ್ಲೂ ಕೇಳಿತು, ಬೀದಿಯಲ್ಲೂ ಕೇಳಿತು. ಬಾಯಿ ತೆರೆದಳು. ಕೂಗಿದರೆ ಅವನು ಇತ್ತ ತಿರುಗುತ್ತಾನೆ, ಮಾತಾಡಿದರೆ ಅತ್ತ ಕಿವಿಗೊಡುತ್ತಾನೆ. ಹಿಂದಿನಿಂದ ತಣ್ಣನೆಯ ಕೈಯೊಂದು ಬಂದು, ಅವಳ ಕೈಯೊಳಗಿದ್ದ ಫೋನಿನ ಕೆಂಪು ಗುಂಡಿಯನ್ನು ಒತ್ತಿತು.

ಬೀದಿಯಲ್ಲಿ ಗಂಡ ಫೋನನ್ನು ಕಿವಿಯಿಂದ ತೆಗೆದು ನೋಡಿ ಜೇಬಿಗೆ ಹಾಕಿದ. ಎರಡೂ ಕೈ ಹ್ಯಾಂಡಲ್ಲಿಗೆ ಬಂದವು. ವ್ಯಾನು ಉದ್ದಕ್ಕೆ ಹಾರನ್ ಹೊಡೆದು, ಅವರನ್ನು ಸವರಿಕೊಂಡಂತೆ ದಾಟಿ ಹೋಯಿತು. ಟ್ರಿಣ್ ಎಂದು ಚಿಲ್ಟು ಅದಕ್ಕೆ ಉತ್ತರ ಕೊಟ್ಟಳು.

ಅವಳು ಹೊರಗೆ ಬಂದು ಮಗಳನ್ನು ಸೀಟಿನಿಂದ ಎತ್ತಿ ಅಪ್ಪಿಕೊಂಡಾಗ ಗಂಡನಿಗೆ ದಿಗಿಲಾಯಿತು. ಅವನ ಕೈಯೆಲ್ಲ ಗ್ರೀಸು.

"ಚೈನ್ ಬಿದ್ದುಹೋಗಿತ್ತು. ಈ ಕೈಯಲ್ಲಿ ಹೇಗೆ ತೆಗೀಲಿ ಅಂತ ಬಿಟ್ಟಿದ್ದೆ. ಇವಳು ಕೇಳಬೇಕಲ್ಲ!"

"ನಾನೇ ಅಪ್ಪಂಗೆ ಹೇಳಿದೆ, ತೆಗಿ ಅಂತ. ಇಲ್ಲಾಂದ್ರೆ ನೀನು ಅಳ್ತೀಯಲ್ಲ" ಎಂದಳು ಚಿಲ್ಟು, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಆ ಮಾತು ಅವಳಿಗೆ ವ್ಯಾನಿಗಿಂತ ಹೆಚ್ಚಾಗಿ ಬಡಿಯಿತು. ಮೂವರೂ ದೀಪದ ಕಂಬದವರೆಗೆ ನಡೆದರು. ಅಲ್ಲಿಂದ ಮುಂದೆಯೂ ಅವಳು ಹತ್ತಲಿಲ್ಲ, ಮನೆಯವರೆಗೂ ನಡೆದೇ ಹೋದಳು.

ಊಟವಾದ ಮೇಲೆ ಹೇಳಿದಳು, "ನಾಳೆಯಿಂದ ನೀವು ದಾರೀಲಿರುವಾಗ ನಾನು ಮಾಡಲ್ಲ."

"ಏನು, ಕಂಟ್ರೋಲ್ ರೂಮಿಗೆ ರಜಾನಾ?" ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ.

ಮರುದಿನ ಸಂಜೆ ಫೋನನ್ನು ಅಂಗಡಿಯಲ್ಲೇ, ಪರದೆಯ ಕೊಕ್ಕೆಗಳ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಬೇಗ ಬಿಡುವು ಕೇಳಿಕೊಂಡು ಬರಿಗೈಯಲ್ಲಿ ಹಳದಿ ಮನೆಗೆ ಬಂದಳು. ಆಕೆ ಏನೂ ಕೇಳದೆ ಇನ್ನೊಂದು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದಳು. ಕತ್ತಲಾಗುತ್ತ ಬಂತು. ಅಪ್ಪ ಮಗಳ ಸುಳಿವಿಲ್ಲ. ಅವಳ ಹೆಬ್ಬೆರಳು ಮಡಿಲಲ್ಲಿ ತಾನಾಗಿ ಆಡುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಕಾಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಶುರು ಮಾಡ್ಲಾ?" ಎಂದಳು ಹಿರಿಯಾಕೆ. ಅವಳು ತಲೆಯಾಡಿಸಿದಳು. ಆಕೆ ನಂಬರು ತಿರುಗಿಸಿದಳು. ಮೇಜಿನ ಮೇಲೆ ಹಳೇ ಫೋನು ಬೆಳಗಿ, ನಡುಗಿ, ಬಡಿದುಕೊಳ್ಳತೊಡಗಿತು. ಇಬ್ಬರು ತಾಯಂದಿರೂ ಅದನ್ನು ನೋಡುತ್ತ ಕೂತರು. ಯಾರೂ ತೆಗೆಯಲಿಲ್ಲ. ಅದು ಬಡಿದು ಬಡಿದು ನಿಂತಿತು.

ಆ ಮೌನದಲ್ಲಿ, ತಿರುವಿನಾಚೆಯಿಂದ, ಟ್ರಿಣ್ ಎಂದಿತು.

ಕತ್ತಲಲ್ಲಿ ಕೆಂಪು ಟೋಪಿ ಕಂಡಿತು. ಗಂಡ ಇಳಿದು ಎರಡೂ ಕೈಯಲ್ಲಿ ಸೈಕಲ್ ತಳ್ಳಿಕೊಂಡು ನಿಧಾನವಾಗಿ ಬರುತ್ತಿದ್ದ. ಹಿರಿಯಾಕೆ ಎದ್ದು ಕಿಟಕಿಯ ಸರಳು ಹಿಡಿದು ನಿಂತಳು. ಸೈಕಲ್ ಮನೆಯ ಮುಂದೆ ಬರುವವರೆಗೂ ಆಕೆ ಉಸಿರು ಬಿಡಲಿಲ್ಲ.

"ಬಂದ್ರು" ಎಂದಳು ಆಕೆ. "ಹೋಗು, ಬಂದ್ರು."