ಸೆಪ್ಟೆಂಬರಿನ ಕೋಟು

ನೆತ್ತಿ ಸುಡುವ ಸೆಪ್ಟೆಂಬರಿನ ಮಧ್ಯಾಹ್ನ, ತೆಳು ಅಂಗಿ ತೊಟ್ಟು ಐಸ್‌ಕ್ರೀಮು ನೆಕ್ಕುತ್ತಾ ಅಡ್ಡಾಡುವ ಜನರ ನಡುವೆ, ಮೊಣಕಾಲು ಮುಟ್ಟುವ ದಪ್ಪ ಉಣ್ಣೆಯ ಕೋಟಿಗೆ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಏಣಿಯ ಎಂಟನೆಯ ಮೆಟ್ಟಿಲ ಮೇಲೆ ನಿಂತು, ಇನ್ನೂ ಒಂದೆಲೆಯೂ ಹಣ್ಣಾಗದ ಮರಕ್ಕೆ ಕ್ರಿಸ್‌ಮಸ್ ದೀಪದ ಸರ ಸುತ್ತುತ್ತಿರುವ ಮನುಷ್ಯನನ್ನು ಕಂಡರೆ ಯಾರಾದರೂ ಒಂದು ಗಳಿಗೆ ನಿಂತು ನೋಡಲೇಬೇಕು. ಬೆವರು ಅವನ ಹುಬ್ಬಿನಿಂದ ಮೂಗಿಗೂ ಮೂಗಿನಿಂದ ಮೀಸೆಗೂ ಇಳಿಯುತ್ತಿರುತ್ತಿತ್ತು. ಸೆಕೆಯಾಗುವುದಿಲ್ಲವೇ ಎಂದು ಕೇಳಿದವರಿಗೆ ಅವನ ಉತ್ತರ ಸಿದ್ಧವಾಗಿತ್ತು. ಆಫೀಸಿನವರು ಚಳಿಗಾಲ ಬಂತು ಅಂತ ಬರೆದು ಕೊಟ್ಟಿದ್ದಾರೆ, ಬರೆದು ಕೊಟ್ಟ ಮೇಲೆ ಚಳಿಯಾಗಲೇಬೇಕಲ್ಲ ಎನ್ನುತ್ತಿದ್ದ. ಹೀಗಾಗಿ ನಮ್ಮ ಮನರಂಜನಾ ಪಾರ್ಕಿನಲ್ಲಿ ಎಲ್ಲರಿಗೂ ಅವನು ಕೋಟಣ್ಣ.

ನಾನು ಅದೇ ಪಾರ್ಕಿನಲ್ಲಿ ಮೈಕಿನ ಮುಂದೆ ಕೂರುವವನು. ಕಳೆದುಹೋದ ಮಕ್ಕಳ, ಮರೆತುಹೋದ ಕೊಡೆಗಳ, ಮುಚ್ಚುವ ವೇಳೆಯ ಪ್ರಕಟಣೆ ಓದುವುದು ನನ್ನ ಕೆಲಸ. ನನ್ನ ಗಾಜಿನ ಕೋಣೆಯಿಂದ ಇಡೀ ಆವರಣ ಕಾಣುತ್ತಿದ್ದುದರಿಂದ ಹನ್ನೊಂದು ವರ್ಷ ಕೋಟಣ್ಣನನ್ನು ನೋಡುವ ಭಾಗ್ಯ ನನಗೆ ಸಂಬಳದ ಜೊತೆಗೇ ದಕ್ಕಿತು. ಅವನು ದೀಪಾಲಂಕಾರ ವಿಭಾಗದ ಮುಖ್ಯಸ್ಥ. ವಿಭಾಗವೆಂದರೆ ಅವನು, ಅವನ ಏಣಿ ಮತ್ತು ಒಂದು ಗೋದಾಮು. ಮೂವತ್ತು ವರ್ಷ ಬಲ ಹೆಗಲಿನ ಮೇಲೆ ಏಣಿ ಹೊತ್ತು ನಡೆದು ನಡೆದು, ಏಣಿ ಇಲ್ಲದಾಗಲೂ ಅವನ ತಲೆ ಎಡಕ್ಕೆ ವಾಲಿಯೇ ಇರುತ್ತಿತ್ತು. ತಿರುವಿನಲ್ಲಿ ಹಿಂದೆ ಯಾರಿಗೂ ತಗುಲದಿರಲೆಂದು ದೊಡ್ಡ ಸುತ್ತು ಹಾಕಿ ತಿರುಗುತ್ತಿದ್ದ, ಬರಿಗೈಯಲ್ಲಿ ಚಹಾ ಕುಡಿಯಲು ಹೊರಟಾಗಲೂ ಹಾಗೆಯೇ. ಮಾತು ಶುರುವಾಗುತ್ತಿದ್ದುದು ಯಾವಾಗಲೂ 'ಅದು ಹಾಗಲ್ಲ' ಎಂದು. ಒಪ್ಪಿಕೊಳ್ಳುವಾಗಲೂ ಅಷ್ಟೇ: "ಅದು ಹಾಗಲ್ಲ, ನೀವು ಹೇಳೋದು ಸರಿ."

ನಾನು ಸೇರಿದ ಕಾಲಕ್ಕೆ ಅಲಂಕಾರ ಶುರುವಾಗುತ್ತಿದ್ದುದು ಡಿಸೆಂಬರ್ ಒಂದಕ್ಕೆ. ಆಮೇಲೆ ಪಕ್ಕದ ಊರಿನ ಪಾರ್ಕಿನವರು ನವೆಂಬರಿನಲ್ಲೇ ಹಚ್ಚಿದರೆಂದು ನಾವೂ ನವೆಂಬರಿಗೆ ಹೋದೆವು. ಅವರು ಅಕ್ಟೋಬರಿಗೆ ಜಾರಿದರೆ ನಾವು ಅದಕ್ಕೂ ಹಿಂದಕ್ಕೆ ಜಾರಿದೆವು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡಿದ್ದೆ, ಆದರೆ ಮದುವೆಗೆ ಮೊದಲೇ ಕುಲಾವಿಗೆ ಅಳತೆ ತೆಗೆಯುವವರನ್ನು ಇಲ್ಲಿಯೇ ಕಂಡದ್ದು. ಒಂದು ವರ್ಷ ಎಲೆ ತುಂಬಿದ ಮರಗಳಿಗೆ ಸರ ಸುತ್ತಿದ್ದೇ ತಪ್ಪಾಯಿತು. ಎಲೆ ಉದುರಿದ ಮೇಲೆ ಸುತ್ತುಗಳೆಲ್ಲ ಸಡಿಲಗೊಂಡು, ಡಿಸೆಂಬರಿನ ಹೊತ್ತಿಗೆ ದೀಪಗಳೆಲ್ಲ ಬುಡಕ್ಕೆ ಕುಸಿದು, ಮರಗಳು ಸೊಂಟದಿಂದ ಲಂಗ ಜಾರಿದವರ ಹಾಗೆ ನಾಚಿ ನಿಂತಿದ್ದವು. ಕೋಟಣ್ಣ ನಲವತ್ತೆರಡು ಮರಗಳನ್ನೂ ಮತ್ತೆ ಸುತ್ತಿದ. ತೊಗಟೆಗೂ ತಂತಿಗೂ ನಡುವೆ ಎರಡು ಬೆರಳು ತೂರಿಸಿ ನೋಡುವುದು ಅವನ ಪದ್ಧತಿ. ಮರಕ್ಕೂ ಉಸಿರಾಡಲು ಜಾಗ ಬೇಕು ಎಂಬುದು ಅವನ ವಾದ.

ಇನ್ನೊಂದು ಪದ್ಧತಿಯೂ ಇತ್ತು. ಯಾವ ದೀಪವನ್ನೂ ಅವನು ಒಂದೇ ಸಲಕ್ಕೆ ಹಚ್ಚಿದವನಲ್ಲ. ಹಚ್ಚಿ ಆರಿಸುವನು, ಮತ್ತೆ ಹಚ್ಚಿ ಆರಿಸುವನು, ಮೂರನೆಯ ಸಲಕ್ಕೆ ಹಾಗೆಯೇ ಬಿಡುವನು. ಗೋದಾಮಿನ ಮೂಲೆಯ ಬಲ್ಬಿಗೂ ಇದೇ ಮರ್ಯಾದೆ. ಹೀಗೆ ಮಾಡಿದರೆ ಬಲ್ಬಿನ ಆಯುಸ್ಸು ಕಡಿಮೆಯಾಗುತ್ತದೆಂದು ಆಫೀಸಿನಿಂದ ಎರಡು ಸಲ ಕಾಗದ ಬಂದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಮುಂದೆ ಕಾಗದ ಏನು ಮಾಡೀತು?

"ಮೊದಲನೇದು ದೀಪಕ್ಕೆ, ಎರಡನೇದು ತಂತಿಗೆ, ಮೂರನೇದು ನೋಡೋರಿಗೆ," ಎಂದು ನನಗೊಮ್ಮೆ ವಿವರಿಸಿದ್ದ.

ಇಷ್ಟೆಲ್ಲ ಆಜ್ಞೆಗಳಿಗೆ ಬೆವರುತ್ತಲೇ ತಲೆಬಾಗಿದ ಕೋಟಣ್ಣ ಒಂದು ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ದೊಡ್ಡ ತಿರುಗುಚಕ್ರದ ನಟ್ಟನಡುವೆ ಆಳೆತ್ತರದ ಒಂದು ನಕ್ಷತ್ರವಿತ್ತು. ಅದನ್ನು ಡಿಸೆಂಬರಿಗೆ ಮೊದಲು ಹಚ್ಚಲು ಅವನು ಸುತರಾಂ ಒಪ್ಪುತ್ತಿರಲಿಲ್ಲ. ಒಂದು ವರ್ಷ ಬಿಡಿಭಾಗ ಬಂದಿಲ್ಲ ಎನ್ನುವನು, ಇನ್ನೊಂದು ವರ್ಷ ತಂತಿ ಇಲಿ ಕಡಿದಿದೆ ಎನ್ನುವನು. ನಿಜಸಂಗತಿಯೆಂದರೆ ನಕ್ಷತ್ರದ ಫ್ಯೂಸು ಅವನ ಕೋಟಿನ ಒಳಜೇಬಿನಲ್ಲಿ ಬೆಚ್ಚಗಿತ್ತು. ಆ ಕೋಟು ಅಷ್ಟು ಸೆಕೆಯಲ್ಲೂ ಮೈಮೇಲಿರುತ್ತಿದ್ದುದಕ್ಕೆ ಹಟದ ಜೊತೆಗೆ ಇದೂ ಒಂದು ಕಾರಣ.

ಕಾರಣದ ಹಿಂದಿನ ಕಾರಣ ಅವನ ಅಕ್ಕ. ಪಾರ್ಕಿನ ಗೋಡೆಯಾಚೆ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರ ವಾಸ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಇದೇ ಪಾರ್ಕಿನ ಟಿಕೆಟ್ ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಕೂತು ನಿವೃತ್ತಳಾದವಳು. ಅವಳ ಗಂಡ, ಅಂದರೆ ಕೋಟಣ್ಣನ ಭಾವ, ಸರಕು ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ, ಡಿಸೆಂಬರಿನ ಮೂರನೆಯ ವಾರ, ಒಂದು ತಿಂಗಳ ರಜೆಗೆ ಮನೆಗೆ ಬರುತ್ತಿದ್ದರು. ಆ ಕೋಟು ಕೂಡ ಅವರು ಯಾವುದೋ ಬಂದರಿನಿಂದ ತಂದುಕೊಟ್ಟದ್ದು. ಹಡಗು ನಾಳೆ ದಡ ಮುಟ್ಟುತ್ತದೆ ಎಂದು ಸುದ್ದಿ ಬಂದ ಸಂಜೆಯೇ ಕೋಟಣ್ಣ ನಕ್ಷತ್ರ ಹಚ್ಚುತ್ತಿದ್ದ. ಮನೆಯ ಕಿಟಕಿಗೆ ಅದು ನೇರ ಕಾಣುತ್ತಿತ್ತು. ಅಕ್ಕ ಅದನ್ನು ನೋಡಿ ಕಪ್ಪು ಬೂಟು ಒರೆಸಿಟ್ಟು, ಮರುದಿನ ಅದನ್ನು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವಳು. ದಾಂಪತ್ಯದ ಪಂಚಾಂಗ ಅವರ ಮನೆಯಲ್ಲಿ ಹೀಗೆ ನಡೆದಿತ್ತು.

ಅಕ್ಕನಿಗೆ ನೆನಪು ಕೈಕೊಡಲು ಆರಂಭವಾದ ವರ್ಷವೇ ನಕ್ಷತ್ರವೂ ಸೇರಿ ಎಲ್ಲವೂ ಅಕ್ಟೋಬರಿನಲ್ಲೇ ಬೆಳಗಬೇಕೆಂಬ ಮೊದಲ ಆಜ್ಞೆ ಬಂತು. ಕೋಟಣ್ಣ ಯೋಚಿಸಲಿಲ್ಲ, ಐದನೆಯ ತಾರೀಖಿನ ಸಂಜೆ ಹಚ್ಚಿ ಮನೆಗೆ ಹೋದ. ಮರುದಿನ ಅಕ್ಕ ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಳು. ಅಕ್ಟೋಬರ್ ಎಂದು ಹೇಳಿದರೆ ಹೌದೆನ್ನುವಳು, ಗಳಿಗೆಯಲ್ಲಿ ಮರೆಯುವಳು, ನಕ್ಷತ್ರ ನೋಡುವಳು, ಮತ್ತೆ ಬೂಟಿಗೆ ಕೈ ಹಾಕುವಳು. ಭಾವ ಬರುವವರೆಗೆ ಎಪ್ಪತ್ತೆಂಟು ದಿನ ಹೀಗೆಯೇ ಕೂತಳು. ದಿನಕ್ಕೊಂದು ಸುಳ್ಳು ಹೇಳಿ ನಾಲಿಗೆ ಸವೆದಿದೆ ಎಂದು ಕೋಟಣ್ಣ ನನ್ನೊಡನೆ ಹೇಳಿಕೊಂಡಿದ್ದ. ಕೊನೆಗೆ ಭಾವ ಪೆಟ್ಟಿಗೆ ಹೊತ್ತು ಬಂದಾಗ ಅವಳು ಎದ್ದು ನಿಲ್ಲಲಿಲ್ಲ. ಕಾದು ಕಾದು ಅವಳ ಪಾದ ಊದಿಕೊಂಡಿತ್ತು.

"ನನ್ನ ಕೈಯಾರೆ ಕೂರಿಸಿದೆನಲ್ಲ," ಎಂದಿದ್ದ ಅವನು. ಆ ವರ್ಷದಿಂದಲೇ ಫ್ಯೂಸು ಜೇಬು ಸೇರಿದ್ದು.

ಹಳೆಯ ಮ್ಯಾನೇಜರು ಕಂಡೂ ಕಾಣದಂತಿದ್ದರು. ಹೋದ ವರ್ಷ ಹೊಸ ಮ್ಯಾನೇಜರಮ್ಮ ಬಂದರು. ಕೆಟ್ಟವರಲ್ಲ, ಚುರುಕಿನವರು. ಪಾಪ, ಅವರಿಗೂ ಮೇಲಿನವರೊಬ್ಬರು ಇದ್ದರು. ಸೆಪ್ಟೆಂಬರ್ ಹದಿನೈದರಂದು ಹೊರಗಿನ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿ ಹೊಸ ಫ್ಯೂಸು ಹಾಕಿಸಿ, ನನ್ನ ಕೈಗೆ ಆ ಸಂಜೆಯ ಪ್ರಕಟಣೆಯ ಚೀಟಿ ಕಳಿಸಿದರು. ನಾನು ಅದನ್ನು ಓದಿಕೊಂಡೆ. ಕೋಟಣ್ಣನಿಗೆ ಮೊದಲು ಹೇಳಿಕಳಿಸಬೇಕಿತ್ತು. ಹೇಳಲಿಲ್ಲ. ಹೇಳಿದರೆ ಜಗಳವಾದೀತು, ಜಗಳದಲ್ಲಿ ನನ್ನ ಹೆಸರು ಬಂದೀತು ಎಂಬ ಪುಕ್ಕಲುತನ. ಆರೂವರೆಗೆ ಸರಿಯಾಗಿ, ನನ್ನ ಅತ್ಯಂತ ಮಧುರವಾದ ಧ್ವನಿಯಲ್ಲಿ, ಹಬ್ಬದ ಮಹಾನಕ್ಷತ್ರ ಇದೀಗ ಬೆಳಗಲಿದೆ ಎಂದು ಮೈಕಿನಲ್ಲಿ ಓದಿದೆ. ಚಕ್ರದ ನಡುವೆ ಬೆಳಕು ಫಕ್ಕನೆ ಹತ್ತಿತು. ಜನ ಚಪ್ಪಾಳೆ ತಟ್ಟಿದರು.

ಕೋಟಣ್ಣ ಪಾರ್ಕಿನ ಆ ತುದಿಯಲ್ಲಿ ಏಣಿಯ ಮೇಲಿದ್ದ. ಅವನು ಇಳಿದದ್ದನ್ನು ನಾನು ಗಾಜಿನಿಂದ ಕಂಡೆ. ಏಣಿಯನ್ನು ಮರಕ್ಕೇ ಒರಗಿಸಿ ಬಿಟ್ಟು ಹೊರಟ. ಹನ್ನೊಂದು ವರ್ಷದಲ್ಲಿ ಹಾಗೆ ಬಿಟ್ಟದ್ದು ಅದೇ ಮೊದಲು. ಆಮೇಲೆ ಓಡಿದ. ತಲೆ ಎಡಕ್ಕೆ ವಾಲಿಸಿಕೊಂಡು, ಕೋಟಿನ ಅಂಚು ಕಾಲಿಗೆ ಸಿಕ್ಕಿಕೊಳ್ಳುತ್ತಾ, ಗೇಟಿನ ತಿರುವಿನಲ್ಲಿ ಆ ಅವಸರದಲ್ಲೂ ದೊಡ್ಡ ಸುತ್ತು ಹಾಕಿ ಓಡಿದ. ನಾನು ಮೈಕು ಆರಿಸಿ ಹಿಂದೆಯೇ ಹೋದೆ. ಮಾಡಿದ ತಪ್ಪನ್ನು ಕಣ್ಣಾರೆ ನೋಡುವುದಾದರೂ ನನ್ನ ಪಾಲಿಗಿರಲಿ ಎನಿಸಿತು.

ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದಳು. ನಕ್ಷತ್ರದ ಬೆಳಕು ಅವಳ ಮಡಿಲಿನ ಬಟ್ಟಲಿನವರೆಗೂ ಬಿದ್ದಿತ್ತು. ಕೋಟಣ್ಣ ಅವಳ ಮುಖ ನೋಡಲಿಲ್ಲ, ಮೊದಲು ಅವಳ ಪಾದ ನೋಡಿದ. ಬರಿಗಾಲು. ಬೂಟು ಗೂಡಿನಲ್ಲೇ ಇತ್ತು.

"ಅಕ್ಕ, ಅದು ಹಾಗಲ್ಲ..." ಎಂದ, ಏದುಸಿರಿನಲ್ಲಿ.

"ಯಾರೋ ಹಚ್ಚಿದಾರೆ," ಎಂದಳು ಅಕ್ಕ, ಬಟಾಣಿಯಿಂದ ಕಣ್ಣೆತ್ತದೆ. "ನೀನಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ನೀನಾಗಿದ್ರೆ ಮೂರು ಸಲ ಮಿಟುಕಿಸ್ತಿದ್ದೆ. ಇದು ಒಂದೇ ಸಲಕ್ಕೆ ಹತ್ತಿಬಿಡ್ತು. ಅವರು ಬರೋ ದಿನ ನೀನೇ ಹಚ್ಚು. ಆಗ ಬೂಟು ಹಾಕ್ಕೋತೀನಿ."

ಆಮೇಲೆ ನನ್ನತ್ತ ತಿರುಗಿ ಇವರು ಯಾರು ಎಂದು ಕೇಳಿದಳು. ಹೇಳಿದೆ. ಕುಡಿಯಲು ನೀರು ಕೊಟ್ಟಳು. ಲೋಟ ವಾಪಸು ತೆಗೆದುಕೊಳ್ಳುವಾಗ ಇವರು ಯಾರು ಎಂದು ಮತ್ತೆ ಕೇಳಿದಳು. ವಾರ, ತಿಂಗಳು, ಎದುರಿಗೆ ನಿಂತವನ ಪರಿಚಯ ಎಲ್ಲವೂ ಸೋರಿಹೋದ ಆ ತಲೆಯಲ್ಲಿ ತಮ್ಮನ ಕೈ ಮಾತ್ರ ಇದ್ದಲ್ಲೇ ಇತ್ತು. ಕೋಟಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಒಂದೊಂದೇ ಗುಂಡಿ ಬಿಚ್ಚಿ ಕೋಟು ತೆಗೆದ. ಒಳಗಿನ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ನಾನು ಕ್ಷಮೆ ಕೇಳಿದೆ. "ಅದು ಹಾಗಲ್ಲ, ನಿಮ್ಮದೇ ತಪ್ಪು," ಎಂದು ನಕ್ಕ.

ಮರುದಿನ ಅವನು ಹಳೆಯ ಫ್ಯೂಸನ್ನು ಮ್ಯಾನೇಜರಮ್ಮನ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ, ನಕ್ಷತ್ರ ಬೇಕಾದರೆ ವರ್ಷವಿಡೀ ಉರಿಯಲಿ, ಡಿಸೆಂಬರಿನ ಒಂದು ಸಂಜೆ ಎರಡೇ ನಿಮಿಷ ಸ್ವಿಚ್ಚು ತನ್ನ ಕೈಗೆ ಕೊಟ್ಟರೆ ಸಾಕು ಎಂದು ಕೇಳಿಕೊಂಡ. ಅವರು ಫ್ಯೂಸನ್ನು ಅವನ ಕಡೆಗೇ ಸರಿಸಿದರಂತೆ. ಡಿಸೆಂಬರ್ ಇಪ್ಪತ್ತರ ಸಂಜೆ ನಕ್ಷತ್ರ ಆರಿತು. ಕರೆಂಟು ಹೋಯಿತೆಂದು ಜನ ಗೊಣಗಿದರು. ನಾನು ಮೈಕಿನ ಮುಂದೆ ಬಾಯಿ ಮುಚ್ಚಿ ಕೂತಿದ್ದೆ. ಅದು ಹತ್ತಿತು, ಆರಿತು, ಹತ್ತಿತು, ಆರಿತು, ಹತ್ತಿ ನಿಂತಿತು. ಗೋಡೆಯಾಚೆಯ ಮಹಡಿಯ ಕಿಟಕಿಯಲ್ಲಿ ಯಾರೋ ಎದ್ದು ಒಳಗೆ ಹೋದದ್ದು ಕಾಣಿಸಿತು.

ಲೋಕದಲ್ಲಿ ಆಜ್ಞೆ ಕೊಡುವವರು ತಾರೀಖು ಬದಲಿಸುತ್ತಲೇ ಇರುತ್ತಾರೆ, ನನ್ನಂಥವರು ಅದನ್ನು ಸೊಗಸಾಗಿ ಓದುತ್ತಲೇ ಇರುತ್ತೇವೆ. ಕೋಟಣ್ಣನ ಜಾತಿಯವರು ನಮ್ಮೊಡನೆ ವಾದಕ್ಕೆ ನಿಲ್ಲುವುದು ಕಡಿಮೆ. ಹೇಳಿದ ದಿನ ಹೇಳಿದ ಮರಕ್ಕೆ ಸರ ಸುತ್ತಿಯೇ ಸುತ್ತುತ್ತಾರೆ. ಆದರೆ ಒಂದು ಕೆಲಸವನ್ನು ಒಂದೇ ರೀತಿಯಲ್ಲಿ, ಯಾರೂ ನೋಡದಾಗಲೂ, ವರ್ಷಾನುಗಟ್ಟಲೆ ಮಾಡಿ ಮಾಡಿ, ಆ ಕೆಲಸವನ್ನೇ ತಮ್ಮ ಮಾತಾಗಿ ಮಾಡಿಕೊಂಡಿರುತ್ತಾರೆ. ಒಮ್ಮೆ ಆ ಮಾತು ತಪ್ಪಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿರುತ್ತದೆ, ಆದ್ದರಿಂದ ಎರಡನೆಯ ಸಲ ತಪ್ಪುವುದಿಲ್ಲ. ಊರೆಲ್ಲ ಹೊತ್ತಿಗೆ ಮುಂಚೆ ಝಗಝಗಿಸಿದರೂ ಅವರನ್ನು ಬಲ್ಲವರು ಆ ಬೆಳಕಿಗೆ ಮೋಸಹೋಗುವುದಿಲ್ಲ. ಬರಿಗಾಲಿನಲ್ಲಿ ಕೂತು ಬಟಾಣಿ ಸುಲಿಯುತ್ತಿರುತ್ತಾರೆ.