ಗಿಡದ ಮದುವೆಗೆ ಯಾರ ಹೆಸರು

"ಕೂಲಿ ಹೆಂಗಸಿಗೆ ಹೆಸರು ಬೇರೆ ಕೇಡು! ಬಾಯಿ ಮುಚ್ಕಂಡು ಕೆಲಸ ಮಾಡೇ, ಮುಂಡೆ!"

ಸಾಹುಕಾರ ರೇಣುಕಪ್ರಸಾದ್ ಬೈದದ್ದು ಅಣ್ಣಮ್ಮನಿಗೆ. ತಳಿ ಮಾಡಿದವರು ಯಾರೆಂದು ಟೊಂಗೆಗೆ ಕಟ್ಟುವ ಚೀಟಿಯಲ್ಲಿ ತನ್ನ ಹೆಸರು ಬರೆಯಲಿ ಎಂದು ಅವಳು ಕೇಳಿದ್ದಳು, ಅಷ್ಟೇ. ತಳಿ ನೋಡಲು ಬಂದು ಜೀಪಿನಿಂದ ಇಳಿಯುತ್ತಿದ್ದ ಕಾಫಿ ವಿಜ್ಞಾನಿ ಸೌಮ್ಯ ಮೇಡಮ್ಮಿಗೂ ಅದು ಕೇಳಿಸಿತು.

ಕೊಟ್ಟಿಗೆಹಾರದ ಆಚೆಯ ಆ ಎಸ್ಟೇಟಿನಲ್ಲಿ ಕಾಫಿ ಗಿಡಗಳಿಗೆ ಮದುವೆ ಮಾಡುವವರು ನಾವು ಏಳು ಹೆಂಗಸರು. ಹೂಮಳೆ ಬಿದ್ದ ಎಂಟನೇ ದಿನ ಮೊಗ್ಗು ಬೆಳ್ಳಗೆ ಊದಿಕೊಳ್ಳುತ್ತದೆ. ಅದು ಬಿರಿಯುವ ಮುಂಚೆ ಚಿಮುಟದಲ್ಲಿ ಗಂಡುಕೇಸರ ಕಿತ್ತು ಕಾಗದದ ಚೀಲ ಮುಚ್ಚಬೇಕು. ಬೆಳಿಗ್ಗೆ ಬೇರೆ ಗಿಡದ ಪರಾಗ ತಂದು ಸವರಬೇಕು. ಬಿರಿದರೆ ಅದರ ಪುಡಿ ಅದಕ್ಕೇ ಬಿದ್ದು ಕೆಲಸ ಕೆಟ್ಟಿತು. ಇರುವುದು ಒಂದೇ ಸಂಜೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅವತ್ತು ಆ ಎಂಟನೇ ದಿನ.

ಎಲೆಗೆ ತುಕ್ಕುರೋಗ ಹತ್ತದ ಗಿಡವನ್ನು ಇಡೀ ತೋಟದಲ್ಲಿ ಹುಡುಕಿದವಳು ಅಣ್ಣಮ್ಮ. ಯಾವುದಕ್ಕೆ ಯಾವುದು ಜೋಡಿ ಎಂದು ಹದಿನಾಲ್ಕು ವರ್ಷ ನೋಡಿ ತಳಿ ಎಬ್ಬಿಸಿದವಳೂ ಅವಳೇ. ಅದಕ್ಕೀಗ 'ಪ್ರಸಾದ್ ತಳಿ' ಎಂದು ಹೆಸರು. ಚಿಕ್ಕಮಗಳೂರಲ್ಲಿ ಶಾಲು, ಹಾರ ಸಾಹುಕಾರನಿಗೆ.

"ಸರ್, ನೀವು ಕೇಸರ ತೆಗೆಯೋದು ಯಾವಾಗ?" ಸೌಮ್ಯ ಕೇಳಿದರು.

"ಹೂ ಚೆನ್ನಾಗಿ ಅರಳ್ಬೇಕು ಮೇಡಂ. ಮಧ್ಯಾಹ್ನದ ಬಿಸ್ಲಿಗೆ."

ನಮ್ಮಲ್ಲೊಬ್ಬಳಾದ ಯಶೋದಾ ಕಿಸಕ್ಕೆಂದಳು. "ಬಾಣಂತಿ ಮನೆಗೆ ಹೆಣ್ಣು ನೋಡಕ್ಕೆ ಹೋದಂಗಾತು ಮಾರಾಯ್ತಿ!"

ಏಳು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಈ ತಳಿ ಮಾಡಿದ್ದು ಯಾರಮ್ಮ?" ಎಂದರು ಸೌಮ್ಯ. ಆರು ಕೈ ಅಣ್ಣಮ್ಮನ ಕಡೆ ತೋರಿದವು.

"ನಾನ್ ಹೇಳ್ದಂಗೆ ಮಾಡಿದ್ಲು, ಅಷ್ಟೇ!" ಎಂದ ಸಾಹುಕಾರ.

"ಹಂಗಾರೆ ಈಗ ನೀವೇ ಮಾಡಿ ತೋರ್ಸಿ, ಸಾಹುಕಾರ್ರೇ." ಅಣ್ಣಮ್ಮ ಚಿಮುಟ ಅವನ ಕೈಗಿಟ್ಟಳು.

ಉಂಗುರ ತುಂಬಿದ ಬೆರಳು. ಮೊದಲ ಮೊಗ್ಗು ಬುಡಸಮೇತ ಬಂತು. ಎರಡನೆಯದಕ್ಕೆ ಟೊಂಗೆಯೇ ಲಟಕ್ಕೆಂದಿತು.

"ಅಯ್ಯಯ್ಯೋ, ಮದ್ಮಗಳ ಕುತ್ಗೆನೇ ಮುರಿದ್ರಲ್ರೋ!" ಯಶೋದಾ ಕೂಗಿದಳು.

ಚೀಟಿ ಬರೆಯಲು ನಿಂತಿದ್ದ ರೈಟರ್ ಉಮೇಶ್ ಕೂಡ ಚೀಟಿಯ ಕಟ್ಟಿನ ಹಿಂದೆ ಮುಖ ಮರೆಸಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು.

"ನಾಳೆಯಿಂದ ಒಬ್ಬಳಿಗೂ ಕೆಲಸ ಇಲ್ಲ, ಹಾದರಗಿತ್ತೇರಾ!" ಸಾಹುಕಾರ ಕಿರುಚಿದ.

"ನಾಳೆವರೆಗೆ ಎಂತಕೆ? ಈಗ್ಲೇ ಬಿಟ್ವಿ." ಅಣ್ಣಮ್ಮ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು. ನಾವೂ ಕೂತೆವು. ಆರು ಚಿಮುಟ ನೆಲದ ಮೇಲೆ ಬಿದ್ದವು; ಏಳನೆಯದು ಸಾಹುಕಾರನ ಕೈಯಲ್ಲೇ ಇತ್ತು.

ಬಿಸಿಲು ಗುಡ್ಡದಾಚೆ ಜಾರತೊಡಗಿತು. ಸಾಹುಕಾರ ಗಡಿಯಾರ ನೋಡಿದ, ಮೊಗ್ಗು ನೋಡಿದ. ದನಿ ಮೆತ್ತಗಾಯಿತು.

"ಅಣ್ಣಮ್ಮಾ... ಏಳಮ್ಮ. ಹೊತ್ತು ಹೋಗ್ತದೆ."

"ಕರೀಬೇಡಿ. ಚೀಟೀಲಿ ಬರೀರಿ."

ಉಮೇಶ್ ಪೆನ್ನಿನ ಮುಚ್ಚಳ ತೆಗೆದು ಸಾಹುಕಾರನ ಮುಖ ನೋಡಿದ. ಸಾಹುಕಾರ ನೆಲ ನೋಡಿದ. ಚೀಟಿ ಖಾಲಿಯೇ ಉಳಿಯಿತು. ಯಶೋದಾಗೆ ಮತ್ತೆ ನಗು ಉಕ್ಕಿ ಎಲೆಅಡಿಕೆ ನೆತ್ತಿಗೆ ಹತ್ತಿತು. ಅವಳ ಬೆನ್ನು ಗುದ್ದುತ್ತಾ ನಾವೂ ನಕ್ಕೆವು.

ಮೇಲಿನ ಟೊಂಗೆಯ ತುದಿಯಲ್ಲಿ ಒಂದು ಮೊಗ್ಗು ಸಣ್ಣಗೆ ಬಾಯಿ ಬಿಟ್ಟಿತ್ತು. ಅಣ್ಣಮ್ಮ ಅದನ್ನು ನೋಡಿದಳು. ಕೂತಲ್ಲೇ ಇನ್ನೊಂದು ವೀಳ್ಯದೆಲೆಗೆ ಸುಣ್ಣ ಹಚ್ಚಿದಳು.